ಚಂದ್ರಕಾಳಿ ಸೀರೆಯ ಅಳತೆಯ ಟೀವಿ

ಕೆಲವರಿಗೆ ದೊಡ್ಡ ಮನೆಯ ಆಸೆ, ಕೆಲವರಿಗೆ ದೊಡ್ಡ ಹುದ್ದೆಯ ಆಸೆ. ನನ್ನದು ಪೂರ್ತಿ ಪರದೆಯ ಆಸೆ. ಇದನ್ನು ಹೇಳಿದರೆ ಜನ ನಗುತ್ತಾರೆಂದು ಇಷ್ಟು ದಿನ ಯಾರಿಗೂ ಹೇಳಿರಲಿಲ್ಲ. ನಾನು ಬಹಳಷ್ಟು ಸಿನಿಮಾಗಳನ್ನು ಅರ್ಧ ನೋಡಿದವನು. ಹೀಗೆಂದರೆ ಮಧ್ಯಂತರಕ್ಕೆ ಎದ್ದು ಬಂದೆನೆಂದೋ ತೂಕಡಿಸಿದೆನೆಂದೋ ತಿಳಿಯಬೇಡಿ. ಮೊದಲಿನಿಂದ ಕೊನೆಯವರೆಗೆ ರೆಪ್ಪೆ ಬಡಿಯದೆ ನೋಡಿದ್ದೇನೆ, ಆದರೆ ಪರದೆಯ ಬಲಗಡೆಯ ಅರ್ಧವನ್ನು ಮಾತ್ರ. ಲಕ್ಷ್ಮೇಶ್ವರದ ನಮ್ಮ ಓಣಿಯಲ್ಲಿ ಆಗ ಇದ್ದದ್ದು ಒಂದೇ ಟೀವಿ, ಸಾವಕಾರರ ಗೌರಕ್ಕನ ಪಡಸಾಲೆಯಲ್ಲಿ. ನಮಗೆ ಒಳಗೆ ಪ್ರವೇಶವಿರಲಿಲ್ಲ. ರವಿವಾರ ಮಧ್ಯಾಹ್ನ ಓಣಿಯ ಕಡೆಗಿನ ಕಿಟಕಿಯ ಸರಳು ಹಿಡಿದು ನಿಲ್ಲುತ್ತಿದ್ದೆವು. ಆ ಕಿಟಕಿಯ ಎಡಬದಿಯ ಕದ ಮಳೆನೀರು ಕುಡಿದು ಉಬ್ಬಿ, ಚೌಕಟ್ಟಿನಲ್ಲಿ ಸಿಕ್ಕಿಕೊಂಡು, ಯಾವ ಕಾಲಕ್ಕೂ ತೆರೆಯುತ್ತಿರಲಿಲ್ಲ. ಹೀಗಾಗಿ ಪರದೆಯ ಎಡಗಡೆ ಏನು ನಡೆಯಿತೆಂಬುದು ನನಗೆ ಇವತ್ತಿಗೂ ಗೊತ್ತಿಲ್ಲ. ಖಳನಾಯಕರೆಲ್ಲ ಅದೇನು ಹಟವೋ, ಎಡಗಡೆಯಿಂದಲೇ ಬರುತ್ತಿದ್ದರು. ನನ್ನ ಪಾಲಿಗೆ ನಾಯಕನೆಂಬವನು ಸುಮ್ಮಸುಮ್ಮನೆ ಗಾಳಿಗೆ ಗುದ್ದಿ ಬೆವರೊರೆಸಿಕೊಳ್ಳುವ ಮನುಷ್ಯನಾಗಿದ್ದ. ನಾಯಕಿ ಯಾರ ಕಡೆಗೆ ನೋಡಿ ನಾಚುತ್ತಾಳೆಂಬುದೂ ಬಗೆಹರಿಯುತ್ತಿರಲಿಲ್ಲ. ಅವಳು ಕದದ ಕಡೆಗೆ ನೋಡಿ ನಾಚುತ್ತಿದ್ದಳು.

ಅಂಥ ಒಂದು ರವಿವಾರ ಒಂದು ಸಿನಿಮಾ ಬಂತು. ಅದರ ಹೆಸರು ಹೇಳುವುದಿಲ್ಲ, ಹೇಳಿದರೆ ನಿಮ್ಮಲ್ಲಿ ಯಾರಾದರೂ ಅದರ ಕೊನೆ ಹೇಳಿಬಿಡುತ್ತೀರಿ. ಚಿಕ್ಕಂದಿನಲ್ಲಿ ತಾಯಿಯಿಂದ ಬೇರೆಯಾದ ಮಗ ದೊಡ್ಡವನಾಗಿ ಅವಳನ್ನು ಹುಡುಕಿಕೊಂಡು ಒಂದು ಸಣ್ಣ ರೈಲ್ವೆ ಸ್ಟೇಷನ್ನಿಗೆ ಬರುತ್ತಾನೆ. ತಾಯಿ ಬೆಂಚಿನ ಮೇಲೆ ಬೆನ್ನು ಮಾಡಿ ಕುಳಿತಿದ್ದಾಳೆ. ದೈವಕೃಪೆಯಿಂದ ಬೆಂಚು ಬಲಗಡೆಗೇ ಇತ್ತು. ಮಗ ಬಂದು ಹಿಂದೆ ನಿಲ್ಲುತ್ತಾನೆ, ಕರೆಯಲು ಬಾಯಿ ಬರುವುದಿಲ್ಲ. ಮಾತಿಲ್ಲ, ಬರೀ ಪಿಟೀಲು. ತಾಯಿಗೆ ಏನೋ ಅನಿಸಿ ಮೆಲ್ಲಗೆ ಕತ್ತು ತಿರುಗಿಸತೊಡಗುತ್ತಾಳೆ. ಅವಳಿಗೆ ಮಗನ ಗುರುತು ಹತ್ತುತ್ತದೋ ಇಲ್ಲವೋ ಎಂದು ನಾನು ಸರಳಿಗೆ ಹಣೆ ಒತ್ತಿ ನಿಂತಿದ್ದಾಗ ಒಳಗಿನಿಂದ ಗೌರಕ್ಕನ ದನಿ ಬಂತು: "ಆ ಖಿಡಕಿ ಹಾಕ್ರೇ, ಬೆಳಕ ಬೀಳಾಕತ್ತೈತಿ." ಬಳೆ ತೊಟ್ಟ ಕೈಯೊಂದು ಬಂದು ಬಲಗಡೆಯ ಕದವನ್ನೂ ಮುಚ್ಚಿತು. ನಮ್ಮ ಮುಖಕ್ಕೆ ಕದ ಹಾಕಲು ಗೌರಕ್ಕ ಹೂಡಿದ ನೆವ ಅದೆಂದು ನಾನು ಆಗಲೇ ತೀರ್ಮಾನಿಸಿದೆ. ಬೆಳಕು ಬಿದ್ದರೆ ಟೀವಿಗೇನು, ಬಣ್ಣ ಹೋಗುತ್ತದೆಯೆ? ಅಷ್ಟರಲ್ಲಿ ನಮ್ಮವ್ವ ಹುಡುಕಿಕೊಂಡು ಬಂದು, "ಮಂದಿ ಖಿಡಕಿಗೆ ಜೋತಬೀಳಾಕ ನಾಚಿಕಿ ಬರೂದಿಲ್ಲೇನಲೇ?" ಎಂದು ಕಿವಿ ಹಿಡಿದು ಮನೆಗೆ ಎಳೆದುಕೊಂಡು ಹೋದಳು. ಆ ತಾಯಿ ಈಗಲೂ ನನ್ನ ಮನಸ್ಸಿನಲ್ಲಿ ಅರ್ಧ ತಿರುಗಿದ ಕತ್ತಿನಲ್ಲೇ ಕುಳಿತಿದ್ದಾಳೆ.

ಈಗ ನಾನು ಹುಲಕೋಟಿಯ ಒಂದು ಹೈಸ್ಕೂಲಿನಲ್ಲಿ ಗಣಿತದ ಮಾಸ್ತರ. ಮನೆ ಬೆಟಗೇರಿಯಲ್ಲಿ. ಮನೆಯಲ್ಲಿ ಅವ್ವ, ಹೆಂಡತಿ ಶಾಂತಾ, ಒಂದು ಬೆಕ್ಕು, ಮತ್ತು ಮೊನ್ನೆ ಮೊನ್ನೆಯವರೆಗೆ ಬೆನ್ನು ಉಬ್ಬಿದ ಒಂದು ಹಳೆಯ ಡಬ್ಬಿ ಟೀವಿ. ಆ ಟೀವಿಯ ಮೇಲಿನ ಜಾಗ ನಮ್ಮ ಮನೆಯ ಕಪಾಟಾಗಿತ್ತು. ಅವ್ವನ ಚಸ್ಮಾ, ಕರೆಂಟ್ ಬಿಲ್ಲು, ಮಾತ್ರೆಯ ಚೀಟಿ, ಶಾಂತಾ ಹೆಣೆದ ಹೊದಿಕೆ, ಇವೆಲ್ಲದರ ಮೇಲೆ ಬೆಚ್ಚಗೆ ಮಲಗಿದ ಬೆಕ್ಕು, ಬೆಕ್ಕಿನ ಬಾಲ ಪರದೆಯ ಮುಂದೆ. ಬಾಲದ ಆಚೆ ಏನಾದರೂ ಕಂಡೀತು ಎಂದರೆ ಅವ್ವನ ತಲೆ. ಅವ್ವನಿಗೆ ಕಣ್ಣು ಮಂಜು, ಅದಕ್ಕೆ ಒಲೆಯ ಮುಂದೆ ಕೂತವರ ಹಾಗೆ ಟೀವಿಯ ಮುಂದೆ ಕೂಡುತ್ತಿದ್ದಳು. ಧಾರಾವಾಹಿಯ ಸೊಸೆ ಅತ್ತರೆ ಅವಳ ಕಣ್ಣೊರೆಸುವುದೊಂದು ಬಾಕಿ. "ಅವ್ವಾ, ತುಸು ಹಿಂದಕ ಸರಿ" ಎಂದರೆ, "ನನ್ನ ತಲಿ ಏನ್ ಗ್ವಾಡಿ ಐತೇನೋ? ಆಚಿ ಈಚಿ ನೋಡ" ಎನ್ನುವಳು. ಆಚೆ ಈಚೆ ನೋಡುವುದು ನನಗೆ ಅಭ್ಯಾಸವೇ ಇತ್ತಲ್ಲ, ನೋಡಿದೆ. ಆದರೆ ಒಳಗೊಳಗೆ ಆಸೆ ಬೇಯುತ್ತಿತ್ತು. ಆ ಸಿನಿಮಾ ಈಗ ಮೊಬೈಲಿನಲ್ಲಿಯೂ ಸಿಗುತ್ತದೆ ಎಂದು ಗೊತ್ತಿದ್ದೂ ನಾನು ಅದನ್ನು ಒತ್ತಿರಲಿಲ್ಲ. ಇಷ್ಟು ವರ್ಷ ಕಾದದ್ದನ್ನು ಅಂಗೈಯಗಲದ ಗಾಜಿನಲ್ಲಿ ನೋಡಿ ಮುಗಿಸುವುದೇ? ನೋಡಿದರೆ ದೊಡ್ಡ ಪರದೆಯಲ್ಲಿ ನೋಡಬೇಕು. ಎಡ ಬಲ ಎರಡೂ ಕಾಣಬೇಕು. ಕುರ್ಚಿಯ ಮೇಲೆ ಕುಳಿತು, ಯಾರ ತಲೆಯೂ ಯಾವ ಬಾಲವೂ ಇಲ್ಲದೆ ನೋಡಬೇಕು.

ಈ ಬೇಗೆಗೆ ಗಾಳಿ ಹಾಕಿದವನು ಮುಂಡರಗಿಯ ನನ್ನ ಸಡ್ಡಕ. ಶಾಂತಾಳ ತಂಗಿಯ ಗಂಡ ಅವನು. ಒಮ್ಮೆ ಊಟಕ್ಕೆಂದು ಕರೆದು, ಊಟಕ್ಕೆ ಮೊದಲು ಟೀವಿ ಬಡಿಸಿದ. ಗೋಡೆಗೆ ಹಾಸಿದಂತೆ ಅಗಲವಾಗಿ, ಪಾಟಿಯ ಹಾಗೆ ತೆಳ್ಳಗೆ ಇತ್ತು. "ಮಾಸ್ತರ, ಐವತ್ತ ಇಂಚ್ ಐತಿ ನೋಡ್ರಿ. ಕ್ರಿಕೆಟ್ ಹಚ್ಚಿದ್ರ ಚೆಂಡು ಊಟದ ತಾಟಿನ್ಯಾಗ ಬಂದು ಬೀಳತೈತಿ" ಎಂದ. ನಾನು "ಛಲೋ ಐತಿ" ಎಂದೆ. ಸಡ್ಡಕನ ಮನೆಯ ವಸ್ತುವಿಗೆ ಅದಕ್ಕಿಂತ ಹೆಚ್ಚು ಹೇಳುವ ಪದ್ಧತಿ ನಮ್ಮಲ್ಲಿಲ್ಲ. ಬಸ್ಸಿನಲ್ಲಿ ಹಿಂದಿರುಗುವಾಗ ಶಾಂತಾ ಹೊರಗೆ ನೋಡುತ್ತಲೇ, "ನಮ್ಮ ಗ್ವಾಡಿಗೂ ಅಷ್ಟು ಹಿಡಸತೈತಿ" ಎಂದಳು. ಮದುವೆಯಾದ ಮೇಲೆ ನನ್ನ ಮನಸ್ಸಿನೊಳಗಿನದನ್ನು ಅವಳು ನಾನು ಕೇಳದೆಯೇ ಹೇಳಿದ್ದು ಅದೇ ಮೊದಲು ಇರಬೇಕು.

ಹಿಡಿಸುತ್ತದೋ ಇಲ್ಲವೋ ನೋಡಬೇಕಲ್ಲ. ನಮ್ಮ ಪಡಸಾಲೆಯಲ್ಲಿ ಒಂದು ಗೋಡೆಯ ತುಂಬ ಮಾಡಗಳು, ಇನ್ನೊಂದು ಗೋಡೆಯಲ್ಲಿ ದೇವರ ಕೋಣೆಯ ಬಾಗಿಲು, ಮೂರನೆಯದರಲ್ಲಿ ಓಣಿಯ ಕಡೆಗಿನ ಕಿಟಕಿ ಮತ್ತು ತಲೆಬಾಗಿಲು. ಉಳಿದದ್ದು ಕಿಟಕಿಯ ಎದುರಿನ ಗೋಡೆ. ನಾನು ಟೇಪು ಹುಡುಕುತ್ತಿದ್ದೆ. ಶಾಂತಾ ಬೆಟಗೇರಿಯ ನೇಕಾರರ ಮಗಳು, ಟೇಪನ್ನು ನಂಬುವ ಜಾತಿಯಲ್ಲ. ಅವಳ ತವರಿನಲ್ಲಿ ಬಾಗಿಲ ಪರದೆ, ಹಾಸಿಗೆ, ಮಂಚ, ಎಲ್ಲದರ ಅಳತೆಯೂ ಸೀರೆಯ ಪನ್ನದಲ್ಲೇ, ಅಂದರೆ ಅಂಚಿನಿಂದ ಅಂಚಿಗೆ ಇರುವ ಅಗಲದಲ್ಲೇ. ಟ್ರಂಕು ತೆರೆದು ತನ್ನ ಚಂದ್ರಕಾಳಿ ಸೀರೆ ತೆಗೆದಳು. ಅಚ್ಚ ಕಪ್ಪು ಮೈ, ಕೆಂಪು ಅಂಚು, ಅವಳಪ್ಪ ಅವಳ ಮದುವೆಗೆಂದು ತಾನೇ ಕುಳಿತು ನೇಯ್ದದ್ದು. "ಇದರ ಪನ್ನ ಬರೋಬ್ಬರಿ ಐವತ್ತ ಇಂಚ್. ಅಪ್ಪ ಬೇಕಂತನ ಅಗಲ ನೇಯ್ದಾನ" ಎಂದು ಅದನ್ನು ಟೀವಿಯ ಎತ್ತರಕ್ಕೆ ಮಡಿಚಿ, ಒಂದು ಬಿದಿರ ಕೋಲಿಗೆ ಹೊಲಿದು, ಎರಡು ತುದಿಗೆ ಎರಡು ಮೊಳೆ ಹೊಡೆಸಿ ಗೋಡೆಗೆ ತೂಗುಹಾಕಿದಳು. "ಉಡೂ ಸೀರಿ ಗ್ವಾಡಿಗೆ ಉಡಸ್ತಾರೇನವಾ?" ಎಂದು ಅವ್ವ ಗೊಣಗಿದಳು. ಆದರೆ ಐವತ್ತು ಇಂಚು ಎಂದರೆ ಏನೆಂದು ಕಣ್ಣಾರೆ ಕಂಡೆವು. ಕಂಡದ್ದೇ ತಡ, ಅದಕ್ಕಿಂತ ಒಂದು ಎಳೆ ಕಡಿಮೆಯದು ನಮಗೆ ಬೇಡವಾಯಿತು.

ಒಂದು ದಿನಕ್ಕೆಂದು ತೂಗಿದ ಸೀರೆ ಅಲ್ಲೇ ಉಳಿಯಿತು. ಯಾವುದನ್ನು ಕೊಳ್ಳುವುದೆಂದು ನಾವು ಕೇಳದವರಿಲ್ಲ, ಕೇಳಿದವರೆಲ್ಲ ಒಂದೊಂದು ಹೇಳಿದರು. ಸ್ಟಾಫ್ ರೂಮಿನಲ್ಲಿ ವಿಜ್ಞಾನದ ಮಾಸ್ತರರು ಒಂದು ಬಗೆಯ ಪರದೆಯ ಪರ, ಹಿಂದಿ ಮಾಸ್ತರರು ಇನ್ನೊಂದರ ಪರ. ಇಬ್ಬರೂ ನನ್ನ ಟೀವಿಗಾಗಿ ಮಾತು ಬಿಟ್ಟರು. ಆ ದಿನಗಳಲ್ಲಿ ಸಂಜೆ ಚಹಾ ಹಿಡಿದು ನಾವು ಮೂವರೂ ಸೀರೆಯ ಎದುರಿಗೆ ಕೂಡುತ್ತಿದ್ದೆವು. ಹಳೆಯ ಟೀವಿ ಮೂಲೆಯಲ್ಲಿ ಹಾಡುತ್ತಿದ್ದರೂ ಕಣ್ಣು ಸೀರೆಯ ಮೇಲೆ. ನಾನು ಆ ಕಪ್ಪಿನ ಮೇಲೆ ಸ್ಟೇಷನ್ನು ಇಟ್ಟು, ಬೆಂಚು ಇಟ್ಟು, ತಾಯಿಯನ್ನು ಕೂಡಿಸಿ ನೋಡುತ್ತಿದ್ದೆ. ಎಡಗಡೆಯ ಅರ್ಧದಲ್ಲಿ ಏನಿಡಬೇಕೆಂದು ತಿಳಿಯದೆ ಖಾಲಿ ಬಿಡುತ್ತಿದ್ದೆ. ಒಮ್ಮೆ ಪಕ್ಕಕ್ಕೆ ನೋಡಿದರೆ ಶಾಂತಾಳ ಕಣ್ಣು ತುಂಬಿತ್ತು. "ಏನಾತು?" ಎಂದೆ. "ಅಪ್ಪ ಇದನ್ನ ನೇಯುವಾಗ ಮಗ್ಗದ ಕುಣ್ಯಾಗ ಕಾಲು ಇಳಿಬಿಟ್ಟು ಕುಂತದ್ದು ಕಾಣಸ್ತು" ಎಂದಳು. ಬರೀ ಸೀರೆಯೇ ಇಷ್ಟು ತೋರಿಸುವಾಗ ಟೀವಿ ಏಕೆ ಬೇಕೆಂದು ಕೇಳಬಹುದಿತ್ತು. ನಾನು ಕೇಳಲಿಲ್ಲ, ಕೇಳಿದರೆ ಟೀವಿ ತಪ್ಪೀತೆಂಬ ಭಯ. ಬಾಗಿಲಲ್ಲಿ ಇಣುಕಿದ ಎದುರುಮನೆಯ ನೀಲವ್ವ ಮಾತ್ರ ಕರಿಬಟ್ಟೆಯ ಮುಂದೆ ಸುಮ್ಮನೆ ಕೂತ ನಮ್ಮನ್ನು ನೋಡಿ, ದನಿ ತಗ್ಗಿಸಿ, "ಯಾರ್ ಹೋದ್ರವಾ? ನಮಗ ಖಬರನ ಇಲ್ಲಲ್ಲ" ಎಂದಳು.

ಕೊನೆಗೆ ಗದಗಿನ ಅಂಗಡಿಗೆ ಹೋದೆವು. ಶಾಂತಾ ಸೀರೆಯನ್ನು ಚೀಲದಲ್ಲಿಟ್ಟುಕೊಂಡು ಬಂದಿದ್ದಳು. ಅಂಗಡಿಯ ಮಾಲೀಕರು ನಡುವಯಸ್ಸಿನವರು, ಮಾತಿನಲ್ಲಿ ಬೆಲ್ಲ. ಒಂದು ಟೀವಿಯನ್ನು ಪಕ್ಕಕ್ಕೆ ತಿರುಗಿಸಿ, "ನೋಡ್ರಿ ಸರ್, ಹೆಂಗ ತೆಳ್ಳಗ ಐತಿ. ಬಳಸಿ ಬಳಸಿ ಹೊಟ್ಟಿ ಬರೂ ಮಾಲ ಅಲ್ಲ ಇದು" ಎಂದರು. ಹೇಳಿದ ಮೇಲೆ ಅವರ ಕಣ್ಣು ನನ್ನ ಅಂಗಿಯ ಗುಂಡಿಗಳ ಮೇಲೆ ಬಿತ್ತು. ನಾನು ಪಕ್ಕಕ್ಕೆ ನಿಂತಿದ್ದವನು ಎದುರಾಗಿ ತಿರುಗಿಕೊಂಡೆ. "ಇದು ಐವತ್ತ ಇಂಚಿಂದು" ಎಂದು ಅವರು ಇನ್ನೊಂದನ್ನು ತೋರಿಸಿದ್ದೇ ತಡ, ಶಾಂತಾ ಚೀಲದಿಂದ ಸೀರೆ ತೆಗೆದು ಟೀವಿಗೆ ಹೊದಿಸಿದಳು. ಎರಡೂ ಕಡೆ ಸೀರೆ ಜೋತುಬಿತ್ತು. ಫ್ರಿಜ್ ನೋಡುತ್ತಿದ್ದ ಹೆಂಗಸೊಬ್ಬಳು ಬಂದು, "ಟೀವಿ ತೊಗೊಂಡ್ರ ಸೀರಿ ಕೊಡ್ತಾರೇನ್ರಿ?" ಎಂದು ಅಂಚು ಮುಟ್ಟಿ ನೋಡಿದಳು.

"ಇದು ಐವತ್ತ ಅಲ್ಲ, ಕಮ್ಮಿ ಐತ್ರಿ" ಎಂದಳು ಶಾಂತಾ.

"ಅಕ್ಕಾರ, ಟೀವಿ ಅಳಿಯೂದು ಹಂಗಲ್ರಿ. ಈ ಮೂಲಿಯಿಂದ ಆ ಮೂಲಿಗೆ ಅಡ್ಡಡ್ಡ ಅಳೀಬೇಕು" ಎಂದು ಮಾಲೀಕರು ಬೆರಳಿನಿಂದ ಪರದೆಯ ಮೇಲೆ ಓರೆಗೆರೆ ಎಳೆದರು.

"ಯಾವ ಅರಿವಿ ಮೂಲಿಯಿಂದ ಮೂಲಿಗೆ ಅಳದು ಮಾರ್ತಾರ್ರಿ? ನಮ್ಮಪ್ಪ ಹಂಗ ಅಳದು ಕೊಟ್ಟಿದ್ರ ತೊಗೊಂಡಾಕಿ ಸೀರಿ ಅಂವನ ಮಾರಿ ಮ್ಯಾಲ ಒಗೀತಿದ್ಲು."

ಮಾಲೀಕರು ಸಹಾಯಕ್ಕಾಗಿ ನನ್ನ ಕಡೆ ನೋಡಿದರು. ಶಾಂತಾ ಕೂಡ ನನ್ನ ಕಡೆ ತಿರುಗಿ, "ನೀವು ಗಣಿತದ ಮಾಸ್ತರ ಅಲ್ರಿ?" ಎಂದಳು. ಹೌದು. ಆಯತದ ಕರ್ಣ ಅದರ ಅಗಲಕ್ಕಿಂತ ಉದ್ದವಾಗಿರುತ್ತದೆ ಎಂಬುದನ್ನು ವರ್ಷವರ್ಷವೂ ಬೋರ್ಡಿನ ಮೇಲೆ ಬರೆದು, ತಿಳಿಯದವರನ್ನು ಬೆಂಚಿನ ಮೇಲೆ ನಿಲ್ಲಿಸುತ್ತ ಬಂದವನು ನಾನು. ಸೀರೆ ಗೋಡೆಯ ಮೇಲಿದ್ದ ಅಷ್ಟೂ ಸಂಜೆ ಆ ಕರ್ಣ ನನ್ನ ಎದುರಿಗೇ ಇತ್ತು. ಆಸೆ ಎಂಬುದು ಗಣಿತವನ್ನು ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಸೀರೆಯ ಪನ್ನಕ್ಕೆ ಸರಿಹೊಂದುವಂಥದ್ದು ಅಂಗಡಿಯಲ್ಲಿ ಒಂದೇ ಇತ್ತು. ಅದರ ಬೆಲೆಯ ಚೀಟಿ ನೋಡಿದ ಶಾಂತಾ ಸೀರೆ ಮಡಿಚತೊಡಗಿದಳು. ಐವತ್ತು ಇಂಚಿನದನ್ನೇ ತಂದೆವು.

ಸಡ್ಡಕನದಕ್ಕಿಂತ ಸಣ್ಣದೇನೂ ಅಲ್ಲ, ಆದರೆ ನಮ್ಮ ಮನೆಗೆ ಬಂದಾಗ ಸಣ್ಣದಾಗಿ ಕಂಡಿತು. ನಮ್ಮ ಕಣ್ಣು ಸೀರೆಗೆ ಹೊಂದಿಕೊಂಡಿತ್ತಲ್ಲ. ಟೀವಿಯ ಎರಡೂ ಬದಿಗೆ ಸೀರೆಯ ಮೊಳೆಗಳು ಕೋಡಿನಂತೆ ಉಳಿದವು. ಒಂದಕ್ಕೆ ಕ್ಯಾಲೆಂಡರ್ ತೂಗಿದೆವು, ಇನ್ನೊಂದಕ್ಕೆ ನನ್ನ ಛತ್ರಿ. ಅವ್ವ ಸುತ್ತಮುತ್ತ ಕೈಯಾಡಿಸಿ, "ಇದರ ಮ್ಯಾಲ ಚಸ್ಮಾ ಎಲ್ಲಿ ಇಡೂದೋ?" ಎಂದಳು. ತೆಳ್ಳಗಿನ ಟೀವಿಗೆ ಮೇಲ್ಭಾಗ ಎಂಬುದೇ ಇರುವುದಿಲ್ಲ ಎಂಬುದು ಅಂಗಡಿಯಲ್ಲಿ ಯಾರಿಗೂ ಹೊಳೆದಿರಲಿಲ್ಲ. ಬೆಕ್ಕು ಒಮ್ಮೆ ಹಾರಿ ನೋಡಿ, ಜಾರಿ ಬಿದ್ದು, ಎರಡು ದಿನ ಮನೆಗೆ ಬರಲಿಲ್ಲ. ಒಳ್ಳೆಯದೆಂದರೆ, ಪರದೆಯಲ್ಲಿ ಆಳೆತ್ತರದ ಮುಖ ಬಂದದ್ದೇ ಅವ್ವ ಹೌಹಾರಿ, "ಯಪ್ಪಾ, ಮೈಮ್ಯಾಲ ಬರತೈತಿ" ಎಂದು ತಾನಾಗಿಯೇ ಹಿಂದಿನ ಗೋಡೆಗೆ ಹೋಗಿ ಒರಗಿ ಕುಳಿತಳು. ಬಾಲ ಹೋಯಿತು, ತಲೆ ಹೋಯಿತು. ನಾನು ಸಿನಿಮಾವನ್ನು ಹುಡುಕಿ, ರವಿವಾರ ಮಧ್ಯಾಹ್ನಕ್ಕೆಂದು ಪರದೆಯ ಮೇಲೆ ಸಿದ್ಧಮಾಡಿಟ್ಟೆ. ಶನಿವಾರ ಶಾಲೆಯಲ್ಲಿ ಏನು ಕಲಿಸಿದೆನೋ ಮಕ್ಕಳೇ ಹೇಳಬೇಕು.

ನಮ್ಮ ಕಡೆ ಹೊಸ ವಸ್ತು ಮನೆಗೆ ಬಂದರೆ ಕಾಯಿ ಒಡೆದು, ನಾಲ್ಕು ಜನ ಹೆಣ್ಣುಮಕ್ಕಳನ್ನು ಕರೆದು ಅರಿಷಿಣ ಕುಂಕುಮ ಕೊಡುವುದು ರೂಢಿ. ಶಾಂತಾ ಅದಕ್ಕೂ ರವಿವಾರವನ್ನೇ ಆರಿಸಿದ್ದಳು. ಟೀವಿಯ ಮೂಲೆಗೆ ಕುಂಕುಮ ಹಚ್ಚಿ, ಜಾರಿ ಬೀಳುವ ಹೂವನ್ನು ಅಂಟಿನ ಟೇಪಿನಿಂದ ಅಂಟಿಸಿದಳು. ಓಣಿಯ ಹೆಂಗಸರೆಲ್ಲ ಬಂದರು. ಕುಂಕುಮ ಹಚ್ಚಿಕೊಂಡವರು ಏಳಲಿಲ್ಲ. ನೀಲವ್ವ, "ಏನರ ಹಚ್ಚವಾ, ನೋಡೂಣು" ಎಂದಳು. ಸಿದ್ಧವಾಗಿದ್ದ ಸಿನಿಮಾವನ್ನೇ ಶಾಂತಾ ಹಚ್ಚಿದಳು. ನಾನು ಮುಂದಿನ ಕುರ್ಚಿಯಲ್ಲಿ ಗಟ್ಟಿಯಾಗಿ ಕುಳಿತಿದ್ದೆ. ವಯಸ್ಸಾದ ಅಜ್ಜಿಯೊಬ್ಬಳು ಬಂದಳು, ಮೊಣಕಾಲು ನೋವು, ಕುರ್ಚಿ ಕೊಟ್ಟೆ. ಗೋಡೆಗೆ ಒರಗಿದೆ. ಹೆಂಗಸರ ನಡುವೆ ಗಂಡಸು ನಿಂತರೆ ಅವರು ಸೆರಗು ಸರಿಪಡಿಸಿಕೊಳ್ಳುತ್ತಲೇ ಇರಬೇಕಾಗುತ್ತದೆ, ಬಾಗಿಲಿಗೆ ಸರಿದೆ. ಆಗ ಶಾಂತಾ ಅಡುಗೆಮನೆಯಿಂದ, "ರೀ, ಹಾಲು ಸಾಲೂದಿಲ್ಲ. ಜಲ್ದಿ ತೊಗೊಂಡ ಬರ್ರಿ" ಎಂದಳು. ಓಡಿದೆ. ಈ ವಯಸ್ಸಿನಲ್ಲಿ ಬೆಟಗೇರಿಯ ಓಣಿಯಲ್ಲಿ ಹಾಲಿನ ಪಾಕೀಟು ಹಿಡಿದು ನಾನು ಓಡಿದ್ದನ್ನು ಕಂಡವರು ಮನೆಯಲ್ಲಿ ಯಾರಿಗೋ ಮೈ ಹುಷಾರಿಲ್ಲ ಎಂದುಕೊಂಡಿರಬೇಕು.

ಬಂದು ನೋಡಿದರೆ ಹೊಸ್ತಿಲವರೆಗೆ ಜನ, ಹೊಸ್ತಿಲಿನಿಂದ ಕಟ್ಟೆಯವರೆಗೆ ಚಪ್ಪಲಿ. ಒಳಗಿನಿಂದ ಪಿಟೀಲು ಕೇಳಿತು. ಆ ಪಿಟೀಲನ್ನು ನಾನು ಯಾವ ಗದ್ದಲದಲ್ಲೂ ಗುರುತಿಸಬಲ್ಲೆ. ಬೇರೆ ದಾರಿ ಕಾಣದೆ ಕಿಟಕಿಗೆ ಹೋದೆ. ಸರಳು ಹಿಡಿದೆ, ಹಣೆ ಒತ್ತಿದೆ. ಸ್ಟೇಷನ್ನು ಇತ್ತು, ಬೆಂಚು ಇತ್ತು, ತಾಯಿ ಇದ್ದಳು. ಎಡಗಡೆಯಲ್ಲಿ ಏನಿತ್ತೆಂಬುದೂ ಕಂಡಿತು. ಅಲ್ಲಿ ಏನೂ ಇರಲಿಲ್ಲ, ಖಾಲಿ ರೈಲು ಹಳಿ ದೂರದವರೆಗೆ ಹೋಗಿತ್ತು. ತಾಯಿ ಕತ್ತು ತಿರುಗಿಸತೊಡಗಿದಳು. ಆಗ ಅವ್ವ ಗೋಡೆಗೆ ಒರಗಿದ್ದಲ್ಲಿಂದ ಕಣ್ಣು ಕಿರಿದು ಮಾಡಿ, "ಏ, ಟೀವ್ಯಾಗ ಯಾಂವೋ ಬ್ಯಾರೆ ಬಂದು ನಿಂತಾನಲ್ಲ, ದಪ್ಪಂದು" ಎಂದಳು. ನಾನೂ ನೋಡಿದೆ. ಹೊಳೆಯುವ ಪರದೆಯ ಮೇಲೆ, ಬೆಳಗುವ ಕಿಟಕಿಯ ಪ್ರತಿಬಿಂಬದ ನಡುವೆ, ಹಾಲಿನ ಪಾಕೀಟು ಹಿಡಿದು ನಾನೇ ನಿಂತಿದ್ದೆ. ತಾಯಿಯ ಮುಖ ಇರಬೇಕಾದ ಜಾಗದಲ್ಲಿ ನನ್ನ ಹೊಟ್ಟೆಯಿತ್ತು.

"ಶಾಂತವ್ವಾ, ಆ ಖಿಡಕಿ ಹಾಕವಾ, ಬೆಳಕ ಬೀಳಾಕತ್ತೈತಿ" ಎಂದಳು ಅವ್ವ.

ಅಡುಗೆಮನೆ ಬಿಟ್ಟು ಬಂದು ಕಿಟಕಿಯ ಪಕ್ಕದಲ್ಲೇ ನಿಂತಿದ್ದ ಶಾಂತಾ ಪರದೆಯಿಂದ ಕಣ್ಣು ತೆಗೆಯದೆ ಕೈಚಾಚಿದಳು. ಬಳೆಯ ಸದ್ದಾಯಿತು. ಎರಡೂ ಕದ ನನ್ನ ಮೂಗಿನ ಮುಂದೆ ಮುಚ್ಚಿದವು. ನಮ್ಮ ಕಿಟಕಿ ಗೌರಕ್ಕನದರ ಹಾಗಲ್ಲ, ಎರಡೂ ಕದ ತೆರೆಯುತ್ತವೆ, ಎರಡೂ ಚೆನ್ನಾಗಿ ಮುಚ್ಚುತ್ತವೆ.

ಕಟ್ಟೆಯ ಮೇಲೆ ಚಪ್ಪಲಿಗಳ ನಡುವೆ ಜಾಗ ಮಾಡಿಕೊಂಡು ಕುಳಿತೆ. ಬೆಳಕು ಬೀಳುತ್ತದೆ ಎಂಬುದು ನೆವವಲ್ಲ, ನಿಜವಾಗಿಯೂ ಬೀಳುತ್ತದೆ. ಇದನ್ನು ತಿಳಿಯಲು ನಾನು ಟೀವಿಯನ್ನೇ ಕೊಳ್ಳಬೇಕಾಯಿತು. ಗೌರಕ್ಕ ಈಗಿಲ್ಲ, ಇದ್ದಿದ್ದರೆ ಲಕ್ಷ್ಮೇಶ್ವರಕ್ಕೆ ಹೋಗಿ ಹೇಳಿ ಬರುತ್ತಿದ್ದೆ. ಒಳಗೆ ಯಾರೋ ಮೂಗೆಳೆದುಕೊಂಡದ್ದು ಕೇಳಿತು. ಗುರುತು ಹತ್ತಿದ ಅಳುವೋ ಹತ್ತದ ಅಳುವೋ ತಿಳಿಯಬಾರದೆಂದು ಎರಡೂ ಕಿವಿ ಮುಚ್ಚಿಕೊಂಡೆ. ಹೆಂಗಸರೆಲ್ಲ ಹೋದ ಮೇಲೆ ಅವ್ವ ಹೊರಗೆ ಬಂದಳು. "ಇಲ್ಲೇ ಕುಂತೀಯೇನೋ? ಎಷ್ಟ ಚಂದ ಇತ್ತು ಸಿನಿಮಾ. ಒಳಗ ಬರಬಾರದೇನೋ ಹುಚ್ಚಪ್ಪಾ, ನಿನ್ನ ಮನೀನ ಐತಲ್ಲ" ಎಂದಳು. ಆ ಮಾತನ್ನು ಯಾರಾದರೂ ಹೇಳಲಿ ಎಂದು ನಾನು ಬಹಳ ಹಿಂದಿನಿಂದ ಒಂದು ಕಿಟಕಿಯ ಹೊರಗೆ ಕಾಯುತ್ತಿದ್ದೆ ಎಂಬುದು ಆಗ ಗೊತ್ತಾಯಿತು. ಹಾಲು ಮಾತ್ರ ಒಡೆದುಹೋಗಿತ್ತು.

ಮುಂದಿನ ರವಿವಾರ ಅವ್ವ, ಶಾಂತಾ ಇಬ್ಬರೂ ಮುಂಡರಗಿಗೆ ಹೋದರು. ಮನೆಯಲ್ಲಿ ನಾನು, ಕುರ್ಚಿ, ಟೀವಿ. ಸಿನಿಮಾ ಹಚ್ಚಿದೆ. ಸ್ಟೇಷನ್ನು ಬಂತು, ಪಿಟೀಲು ಬಂತು. ಎದುರಿನ ಕಿಟಕಿಯ ಬೆಳಕು ಪರದೆಯ ಬಲಗಡೆಗೆ, ಬರೋಬ್ಬರಿ ಬೆಂಚಿನ ಮೇಲೆ ಬಿದ್ದಿತ್ತು. ಸಿನಿಮಾ ನಿಲ್ಲಿಸಿ, ಕದ ಹಾಕಲು ಎದ್ದು ಹೋದೆ. ಕೈ ಕದದ ಮೇಲಿಟ್ಟವನು ಯಾಕೋ ಒಮ್ಮೆ ಹೊರಗೆ ಇಣುಕಿದೆ. ಓಣಿಯಲ್ಲಿ ಯಾರೂ ಇರಲಿಲ್ಲ. ಈಗ ಎಲ್ಲರ ಮನೆಯಲ್ಲೂ ಟೀವಿ ಇದೆ, ಯಾರು ಯಾಕೆ ಕಿಟಕಿಗೆ ಬಂದಾರು? ಆದರೂ ಕದ ಹಾಕಲು ಕೈ ಬರಲಿಲ್ಲ. ಕದವನ್ನು ಹಾಗೆಯೇ ತೆರೆದಿಟ್ಟು ಬಂದು ಕುಳಿತು ಉಳಿದದ್ದನ್ನು ನೋಡಿ ಮುಗಿಸಿದೆ. ಎಡಗಡೆಯ ರೈಲು ಹಳಿ ಬಹಳ ಸ್ಪಷ್ಟವಾಗಿ ಕಂಡಿತು. ಬಲಗಡೆಯಲ್ಲಿ ಬರೀ ಬಿಸಿಲು. ನಿಮ್ಮಲ್ಲಿ ಯಾರಿಗಾದರೂ ಆ ತಾಯಿಗೆ ಮಗನ ಗುರುತು ಹತ್ತಿತೋ ಇಲ್ಲವೋ ಗೊತ್ತಿದ್ದರೆ, ಕೈಮುಗಿದು ಕೇಳಿಕೊಳ್ಳುತ್ತೇನೆ, ನನಗೆ ಹೇಳಬೇಡಿ.